ಮನೆಯ ಮೊಬೈಲಿಗೂ ಗೇಟು ಬೇಕು
(ಕೃಷಿ ವಿಸ್ತರಣಾಧಿಕಾರಿಯೊಬ್ಬರಿಂದ)

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿ ಹೋದುದನ್ನು ಹುಲಿಗಿ, ಮುನಿರಾಬಾದ್ ಭಾಗದ ರೈತ ಬಾಂಧವರು ಮರೆತಿರಲಾರರು. ಜಲಾಶಯಕ್ಕಿರುವ 33 ಗೇಟುಗಳಲ್ಲಿ ಹೋದದ್ದು ಒಂದೇ. ಆದರೂ ಹಂಗಾಮಿ ಗೇಟು ಕೂಡುವವರೆಗೆ ಭತ್ತದ ರೈತರಿಗೆ ನಿದ್ರೆ ಇರಲಿಲ್ಲ. ನೀರು ನಮಗೆ ಅನ್ನ ಕೊಡುವ ವಸ್ತು. ಹಿಡಿತ ತಪ್ಪಿದರೆ ಮಾತ್ರ ಅದೇ ನೀರಿನಿಂದ ಭಯ. ಇಂದು ನಮ್ಮ ಮಕ್ಕಳ ಕೈಗೆ ಬಂದಿರುವ ಮೊಬೈಲಿನ ಸಂಗತಿಯೂ ಹೀಗೆಯೇ.

ಒಂದು ಮನೆಯಲ್ಲಿ ಕಂಡದ್ದು

ಅದೇ ಮುಂಗಾರಿನಲ್ಲಿ ಹುಲಿಗಿಗೆ ಸಮೀಪದ ಒಂದು ಊರಿಗೆ ಹೋಗಿದ್ದೆ. ನಾಲ್ಕು ಎಕರೆ ಭತ್ತ ಮಾಡಿದ್ದ ರೈತರೊಬ್ಬರು ಮೇಲುಗೊಬ್ಬರ ಕೊಡದೆ ಸುಮ್ಮನೆ ಕುಳಿತಿದ್ದರು. ಕಾರಣ ಕೇಳಿದೆ. "ಏನ್ ಹೇಳ್ಲಿರಿ ಸಾಹೇಬ್ರ, ಗೊಬ್ಬರಕ್ಕಂತ ಬ್ಯಾಂಕ್‌ನ್ಯಾಗ ಇಟ್ಟಿದ್ದ 18 ಸಾವಿರ ರೂಪಾಯಿ ಮಗ ಮೊಬೈಲ್ ಆಟಕ್ಕ ಕಟ್ಯಾನ್ರಿ" ಎಂದರು. ಹುಡುಗ ಪಿ.ಯು.ಸಿ. ಓದುತ್ತಿದ್ದ, ದಡ್ಡನೇನೂ ಅಲ್ಲ. ಮೊದಲು ನೂರು ರೂಪಾಯಿ ಕಟ್ಟಿ ಗೆದ್ದಿದ್ದಾನೆ, ನಂತರ ಸೋತದ್ದನ್ನು ಮರಳಿ ಪಡೆಯಲು ಹೋಗಿ ಎಲ್ಲವನ್ನೂ ಕಳೆದಿದ್ದಾನೆ. ತಂದೆಯ ಪಿನ್ ಅವನಿಗೆ ಗೊತ್ತಿತ್ತು, ಏಕೆಂದರೆ ಹಣ ಕಳುಹಿಸುವ ಕೆಲಸವನ್ನೆಲ್ಲ ಮಗನಿಗೇ ಒಪ್ಪಿಸಿದ್ದರು.

ಆ ಮನೆಯ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಹಿಂದಿನ ವರ್ಷ ಅವರ ಹೊಲದ ಬೆಳೆ ದಾಖಲೆಯಲ್ಲಿ ಭತ್ತದ ಬದಲು ಬೇರೆ ಬೆಳೆ ಸೇರಿತ್ತು. ಅದನ್ನು ಪತ್ತೆ ಮಾಡಿ ಆಕ್ಷೇಪಣೆ ಸಲ್ಲಿಸಿ ಸರಿಪಡಿಸಿದವನೂ ಇದೇ ಹುಡುಗ, ಇದೇ ಮೊಬೈಲಿನಿಂದ!

ಹೇಗೆ ಬಂತು ಈ ಮೊಬೈಲು?

2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ಶಾಲೆಗಳು ಮುಚ್ಚಿದವು. ಚಂದನ ವಾಹಿನಿಯಲ್ಲಿ 'ಸಂವೇದ' ಪಾಠ, ಊರ ಗುಡಿ ಕಟ್ಟೆಗಳಲ್ಲಿ 'ವಿದ್ಯಾಗಮ' ನಡೆದವಾದರೂ ಅನೇಕ ಪಾಠಗಳು ಮೊಬೈಲಿಗೇ ಬಂದವು. ಮಕ್ಕಳ ಓದು ನಿಲ್ಲಬಾರದೆಂದು ಪಾಲಕರು ಸಾಲ ಮಾಡಿ ಫೋನು ಕೊಂಡರು. ಶಾಲೆಗಳು ತೆರೆದವು, ಫೋನು ಮಾತ್ರ ಮಕ್ಕಳ ಕೈಯಲ್ಲೇ ಉಳಿಯಿತು. ಈಗ ರಾತ್ರಿ ಹನ್ನೊಂದಾದರೂ ಹಾಸಿಗೆಯಲ್ಲಿ ಬೆಳಕು, ಬೆಳಿಗ್ಗೆ ಶಾಲೆಯಲ್ಲಿ ತೂಕಡಿಕೆ.

ಕೆಲವು ಮನೆಗಳಲ್ಲಿ ಮಗನಿಗೆ ಫೋನುಂಟು, ಮಗಳಿಗಿಲ್ಲ. ಇದು ಸರಿಯಲ್ಲ. ಓದಿಗೆ, ಅರ್ಜಿಗೆ, ಫಲಿತಾಂಶಕ್ಕೆ ಫೋನು ಇಬ್ಬರಿಗೂ ಬೇಕು, ಹಿಡಿತವೂ ಇಬ್ಬರಿಗೂ ಬೇಕು.

ಕಸಿದುಕೊಳ್ಳುವುದು ಪರಿಹಾರವಲ್ಲ

ಫೋನನ್ನು ನೆಲಕ್ಕೆ ಬಡಿದ ತಂದೆಯರನ್ನೂ ಕಂಡಿದ್ದೇನೆ. ಇದರಿಂದ ಹುಡುಗ ಗೆಳೆಯನ ಫೋನು ಹಿಡಿಯುತ್ತಾನೆ, ಮನೆಯಲ್ಲಿ ಸುಳ್ಳು ಹೇಳಲು ಕಲಿಯುತ್ತಾನೆ. ಕಾಲುವೆ ಕೆಳಗಿನ ಜಮೀನು ಸವಳು-ಜವಳಾಗಲು ಅಳತೆ ಮೀರಿದ ನೀರು ಮತ್ತು ಬಸಿಗಾಲುವೆ ಇಲ್ಲದಿರುವುದು ಮುಖ್ಯ ಕಾರಣಗಳು. ಅದಕ್ಕಾಗಿ ನಾವು ಕಾಲುವೆ ಮುಚ್ಚುವುದಿಲ್ಲ, ಅಳತೆ ಕಲಿಯುತ್ತೇವೆ. ಇಲ್ಲಿಯೂ ಈ ಕ್ರಮಗಳನ್ನು ಅನುಸರಿಸಬಹುದು:

1. ಅಳುವ ಕೂಸಿಗೆ ಫೋನು ಕೊಟ್ಟು ಸುಮ್ಮನಾಗಿಸುವ ರೂಢಿ ಬೇಡ. ಒಂದು ವರ್ಷದೊಳಗಿನ ಮಗುವಿಗೆ ಪರದೆ ಬೇಡವೇ ಬೇಡ, 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತಿಳಿಸಿದೆ.

2. ರಾತ್ರಿ ಊಟದ ನಂತರ ಮನೆಯ ಎಲ್ಲ ಫೋನುಗಳನ್ನೂ ಪಡಸಾಲೆಯಲ್ಲಿ ಒಂದೆಡೆ ಇಡಬೇಕು. ತಂದೆಯ ಫೋನೂ ಅಲ್ಲಿಯೇ ಇರಬೇಕು. ದೊಡ್ಡವರು ಪಾಲಿಸದ ನಿಯಮವನ್ನು ಮಕ್ಕಳು ಪಾಲಿಸುವುದಿಲ್ಲ.

3. ಪಿನ್ ಹಾಗೂ ಓ.ಟಿ.ಪಿ. ಮಕ್ಕಳಿಗೆ ಹೇಳಬಾರದು. ಬೀಜ-ಗೊಬ್ಬರದ ಹಣವಿರುವ ಖಾತೆಯನ್ನು ಫೋನಿಗೆ ಜೋಡಿಸದೆ, ಸಣ್ಣ ಮೊತ್ತದ ಬೇರೆ ಖಾತೆ ಬಳಸುವುದು ಕ್ಷೇಮ.

4. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿಗೆ ನೀಡಿತು. ಆದ್ದರಿಂದ ಇಂಥ ಆಟದ ಆಹ್ವಾನ ಬಂದರೆ ಅದು ಕಾನೂನುಬಾಹಿರವೆಂದೇ ತಿಳಿಯಬೇಕು. ವಂಚನೆಯಾದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಬೇಕು.

5. ಮಕ್ಕಳು ತಪ್ಪು ಮಾಡಿದಾಗ ಹೆದರದೆ ಮನೆಯಲ್ಲಿ ಹೇಳುವಂತಿರಬೇಕು. ಹೊಡೆತದ ಭಯಕ್ಕೆ ಮುಚ್ಚಿಟ್ಟ ನೂರು ರೂಪಾಯಿಯ ತಪ್ಪೇ ಸಾವಿರಕ್ಕೆ ಏರುತ್ತದೆ.

ಕೆಲಸ ಕೊಡಿರಿ

ಯುವಕರ ಕೈಯ ಫೋನಿಗೆ ಹೊಲದ ಕೆಲಸ ಕೊಡುವುದು ಎಲ್ಲಕ್ಕಿಂತ ಉತ್ತಮ. 2020ರ ಮುಂಗಾರಿನಿಂದ ರೈತರೇ ತಮ್ಮ ಬೆಳೆಯ ಚಿತ್ರ ತೆಗೆದು ಬೆಳೆ ಸಮೀಕ್ಷೆಗೆ ಸೇರಿಸುವ ಅನುಕೂಲವಾಗಿದೆ. ಬೆಳೆ ವಿಮೆ, ಪರಿಹಾರ, ಬೆಂಬಲ ಬೆಲೆ ಎಲ್ಲಕ್ಕೂ ಈ ದಾಖಲೆ ಆಧಾರ. ಕೊಯ್ದು ಹರವಿದ ಭತ್ತ ಅಕಾಲ ಮಳೆಗೆ ಸಿಕ್ಕರೆ, ವಿಮೆ ಮಾಡಿಸಿದವರು 72 ಗಂಟೆಯೊಳಗೆ ತಿಳಿಸಬೇಕು. ರೋಗ-ಕೀಟದ ಸಲಹೆಗೆ ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಕೇಳಬಹುದು. ಇವನ್ನೆಲ್ಲ ಮಗನಿಗೆ, ಮಗಳಿಗೆ ವಹಿಸಿರಿ.

ಚಿಕ್ಕವರನ್ನು ಸಂಜೆ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಕಳುಹಿಸಿರಿ. 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಡಿ 6ರಿಂದ 18 ವರ್ಷದವರಿಗೆ ಅಲ್ಲಿ ಉಚಿತ ಸದಸ್ಯತ್ವವಿದೆ. ಈ ಪುಟವನ್ನು ಅಲ್ಲಿಯೇ ಓದುತ್ತಿರುವವರು ನಾಳೆ ಒಂದು ಮಗುವನ್ನು ಜೊತೆಗೆ ಕರೆತಂದರೆ ಸಾಕು.

ಮೇಲೆ ಹೇಳಿದ ರೈತರು ಕೈಗಡ ಮಾಡಿ ಗೊಬ್ಬರ ತಂದರು. ತಡವಾದುದರಿಂದ ಇಳುವರಿ ಕಡಿಮೆಯೇ ಬಂತು. ಮಗನ ಮೇಲೆ ಕೈ ಮಾಡಲಿಲ್ಲ. ಆದರೆ ಆ ಸುಗ್ಗಿಯ ಲೆಕ್ಕವನ್ನು ಅವನ ಕೈಯಿಂದಲೇ ಬರೆಸಿದರು. ಖರ್ಚಿನ ಸಾಲಿನಲ್ಲಿ 18 ಸಾವಿರವನ್ನು ಹುಡುಗನೇ ಬರೆದ. ಈಗ ಪಿನ್ ತಂದೆಯ ಹತ್ತಿರ ಇದೆ, ಬೆಳೆ ಸಮೀಕ್ಷೆ ಮಗನ ಹತ್ತಿರ.