ಬಹುಮಾನ ಸರಿ, ಪರೀಕ್ಷೆ ಮಾಡಿದವರು ಯಾರು?

ಲಿಂಗರಾಜಪುರದ ಫ್ಲೈಓವರ್ ಇಳಿದು ಅಡ್ಡರಸ್ತೆಗಳೊಳಗೆ ಹೊಕ್ಕರೆ ಹತ್ತು ಹೆಜ್ಜೆಗೊಂದು ಫ್ಯಾನ್ಸಿ ಸ್ಟೋರು, ಇಪ್ಪತ್ತು ಹೆಜ್ಜೆಗೊಂದು ಬ್ಯೂಟಿ ಪಾರ್ಲರು. ಅಂಥದ್ದೊಂದು ಪಾರ್ಲರಿಗೆ ಒಂದು ಮಧ್ಯಾಹ್ನ ಫೋನು ಬಂತು.

"ಮೇಡಂ, ಕಂಗ್ರಾಜುಲೇಷನ್ಸ್! ಈ ವರ್ಷದ ಬೆಸ್ಟ್ ಪಾರ್ಲರ್ ಅಂತ ನಿಮ್ಮದೇ ಸೆಲೆಕ್ಟ್ ಆಗಿದೆ."

ಪಾರ್ಲರಿನ ಒಡತಿಗೆ ಖುಷಿಯಾಗದೆ ಇರುತ್ತದೆಯೇ? ಹದಿನಾಲ್ಕು ವರ್ಷ ನಿಂತುಕೊಂಡೇ ಕೆಲಸ ಮಾಡಿದ ಕಾಲುಗಳಿಗೆ ಒಂದು ಕ್ಷಣ ನೋವೇ ಮರೆತುಹೋಯಿತು. ಆದರೂ ಆಕೆ ಒಂದು ಮಾತು ಕೇಳಿದರು.

"ಯಾರು ಸಾರ್ ಬಂದು ನೋಡಿದ್ದು?"

"ನಮ್ಮ ಟೀಮು ಆನ್‌ಲೈನಲ್ಲೇ ಎಲ್ಲ ನೋಡಿದೆ ಮೇಡಂ. ದೊಡ್ಡ ಹೋಟೆಲಿನಲ್ಲಿ ಫಂಕ್ಷನ್ನು. ಸಿನಿಮಾದವರು ಬರ್ತಾರೆ. ಶೀಲ್ಡು, ಶಾಲು, ಫೋಟೋ ಎಲ್ಲ ಉಂಟು. ರಿಜಿಸ್ಟ್ರೇಷನ್ನಿಗೆ ಹದಿನೈದು ಸಾವಿರ ಅಷ್ಟೇ."

ಹದಿನೈದು ಸಾವಿರ ಅಂದರೆ ಆ ಪಾರ್ಲರಿನ ಒಂದು ತಿಂಗಳ ಬಾಡಿಗೆ. "ಯೋಚನೆ ಮಾಡಿ ಹೇಳ್ತೀನಿ" ಎಂದು ಫೋನಿಟ್ಟ ಒಡತಿ, ಎದುರು ಸಾಲಿನ ಫ್ಯಾನ್ಸಿ ಸ್ಟೋರಿನವರ ಮುಂದೆ ವಿಷಯ ಇಟ್ಟರು. ಅವರು ಗಲ್ಲಾಪೆಟ್ಟಿಗೆ ಮುಚ್ಚಿ ನಕ್ಕರು.

"ಅಕ್ಕಾ, ದುಡ್ಡು ಕೊಟ್ಟು ತಗೊಂಡರೆ ಅದು ಬಹುಮಾನ ಅಲ್ಲ, ಖರೀದಿ. ಶಿವಾಜಿನಗರಕ್ಕೆ ಹೋದ್ರೆ ಇನ್ನೂ ಕಮ್ಮಿಗೆ ಶೀಲ್ಡು ಮಾಡಿಕೊಡ್ತಾರೆ!"

"ನಗಬೇಡಿ ಅಣ್ಣಾ. ಮೂಲೆ ಪಾರ್ಲರಿನವರು ಮೂರು ಶೀಲ್ಡು ಗೋಡೆಗೆ ಹಾಕಿದಾರೆ. ಗಿರಾಕಿ ಅದನ್ನ ನೋಡ್ತಾರೆ, ನನ್ನ ಕೈ ನೋಡಲ್ಲ."

ಅಣ್ಣನವರ ನಗು ಅಲ್ಲಿಗೇ ನಿಂತಿತು. ಯಾಕೆಂದರೆ ಅವರ ಅಂಗಡಿಯ ಕಪಾಟಿನಲ್ಲೂ ಕತೆ ಅದೇ. 'ನಂಬರ್ ಒನ್', 'ಅವಾರ್ಡ್ ವಿನ್ನರ್' ಎಂದು ಚಿನ್ನದ ಬಣ್ಣದ ಮುದ್ರೆ ಹೊತ್ತ ಡಬ್ಬಿ ಮೊದಲು ಖಾಲಿಯಾಗುತ್ತದೆ. ಪಕ್ಕದಲ್ಲಿರುವ ಒಳ್ಳೆ ಮಾಲು ಧೂಳು ತಿನ್ನುತ್ತದೆ. ಆ ಮುದ್ರೆ ಕೊಟ್ಟವರು ಯಾರು ಅಂತ ಕೇಳಿದ ಗಿರಾಕಿ ಎಷ್ಟು ಜನ?

ನೀರು ಯಾವುದು ಸ್ವಾಮಿ?

ಸೋಪು, ಕ್ರೀಮು, ತಲೆಗೆಣ್ಣೆಗೆ ಬಹುಮಾನ ಕೊಡುವುದು ತಪ್ಪೇನಲ್ಲ. ಒಳ್ಳೆಯದನ್ನು ಒಳ್ಳೆಯದು ಅನ್ನಲೇಬೇಕು. ಆದರೆ ತೂಗುವ ತಕ್ಕಡಿ ನೆಟ್ಟಗಿರಬೇಕಲ್ಲ?

ಒಂದು ಸೋಪಿನ ವಿಷಯವನ್ನೇ ತೆಗೆದುಕೊಳ್ಳಿ. ನ್ಯಾಯವಾಗಿ ಪರೀಕ್ಷೆ ಮಾಡಬೇಕಾದರೆ ಕಂಪನಿ ಕಳಿಸಿಕೊಟ್ಟ ಮಾಲನ್ನು ನೋಡಿದರೆ ಸಾಲದು. ನಾಲ್ಕು ಅಂಗಡಿಯಲ್ಲಿ ಕಾಸು ಕೊಟ್ಟು ತಂದ ಮಾಲು ಬೇಕು. ಕಾಗದ ಬಿಚ್ಚಿ, ಹೆಸರು ಮುಚ್ಚಿ, ಬರೀ ನಂಬರು ಹಾಕಿ ಕೊಡಬೇಕು. ಹೆಸರು ಕಂಡ ಕೂಡಲೇ ಮೂಗಿಗೆ ಮೊದಲೇ ವಾಸನೆ ಬರುತ್ತದೆ! ನಾಲ್ಕಾರು ಪರಿಮಳ ಮೂಸಿದ ಮೇಲೆ ಮೂಗು ಸೋಲುತ್ತದೆ. ಆದ್ದರಿಂದ ನಡುವೆ ಬಿಡುವು ಬೇಕು. ಒಬ್ಬರಿಗೆ ಮೊದಲು ಬಂದ ನಂಬರು ಇನ್ನೊಬ್ಬರಿಗೆ ಕೊನೆಗೆ ಬರಬೇಕು.

ನೀರಿನ ಪ್ರಶ್ನೆಯಂತೂ ಬೆಂಗಳೂರಿನವರಿಗೆ ಹೇಳಿಕೊಡಬೇಕಾಗಿಲ್ಲ. ಕಾವೇರಿ ನೀರಿನಲ್ಲಿ ನೊರೆನೊರೆಯಾಗಿ ಬರುವ ಸೋಪು, ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಮೊಸರು ಒಡೆದ ಹಾಗೆ ಬಕೆಟ್ಟಿನ ಅಂಚಿಗೆ ಅಂಟಿಕೊಳ್ಳುತ್ತದೆ. ನೀರಿನ ಸುಣ್ಣದ ಅಂಶ ಸೋಪಿನ ಜೊತೆ ಸೇರಿ ಕಾಟು ಕಟ್ಟುವುದೇ ಇದಕ್ಕೆ ಕಾರಣ. ತೀರ್ಪುಗಾರರು ಹೋಟೆಲಿನ ಮೆದು ನೀರಿನಲ್ಲಿ ಕೈ ತೊಳೆದು ಬಹುಮಾನ ಕೊಟ್ಟರೆ, ಟ್ಯಾಂಕರ್ ನೀರಿನವರ ಗತಿ ಏನು? ಸೋಪು ಬಚ್ಚಲ ತಟ್ಟೆಯಲ್ಲಿ ಮೆತ್ತಗಾಗುತ್ತದೆಯೇ, ಬಿರುಕು ಬಿಡುತ್ತದೆಯೇ, ಎಷ್ಟು ದಿನ ಬರುತ್ತದೆ ಎನ್ನುವುದಕ್ಕೂ ಬೇರೆ ಬೇರೆ ಅಂಕ ಇಡಬೇಕು. ಅಂಕದ ಪಟ್ಟಿ ಪರೀಕ್ಷೆಗೆ ಮೊದಲೇ ತಯಾರಾಗಬೇಕು. ಗೆದ್ದವರನ್ನು ಆರಿಸಿಕೊಂಡು ಆಮೇಲೆ ಕಾರಣ ಹುಡುಕುವುದು ತೀರ್ಪಲ್ಲ.

ಅಳತೆಗೋಲು ಇಲ್ಲವೇ ಅಂದರೆ, ಇದೆ. ಭಾರತೀಯ ಮಾನಕ ಸಂಸ್ಥೆಯ ಐ.ಎಸ್. 2888 ಎಂಬ ಮಾನದಂಡ ಟಾಯ್ಲೆಟ್ ಸೋಪನ್ನು ಮೂರು ದರ್ಜೆ ಮಾಡಿದೆ. ಒಟ್ಟು ಕೊಬ್ಬಿನ ಅಂಶ, ಅಂದರೆ ಟಿ.ಎಫ್.ಎಂ., ಶೇಕಡಾ 76 ಇದ್ದರೆ ಒಂದನೇ ದರ್ಜೆ, 70 ಇದ್ದರೆ ಎರಡನೆಯದು, 60 ಇದ್ದರೆ ಮೂರನೆಯದು. 'ಬೇಥಿಂಗ್ ಬಾರ್' ಅಂತ ಬರೆದಿದ್ದರೆ ಅದರ ನಿಯಮವೇ ಬೇರೆ. ಅದಕ್ಕೆ 40 ಇದ್ದರೂ ಸಾಕು. ಇದು ಲೇಬಲ್ಲಿನ ಮೂಲೆಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಇರುತ್ತದೆ. ಮುಂದುಗಡೆ ಮಾತ್ರ ನಟಿಯ ನಗು!

ಗಂಧದ ಸೋಪಿನ ಪಾಠ

ಮಾನ್ಯತೆ ಅಂದರೆ ಹೇಗಿರಬೇಕು ಎನ್ನುವುದಕ್ಕೆ ದೂರ ಹೋಗಬೇಕಾಗಿಲ್ಲ. ಮೆಟ್ರೋ ಹಸಿರು ಮಾರ್ಗದಲ್ಲಿ 'ಸ್ಯಾಂಡಲ್ ಸೋಪ್ ಫ್ಯಾಕ್ಟರಿ' ಎಂಬ ನಿಲ್ದಾಣವೇ ಇದೆ. ಒಂದು ಸೋಪಿನ ಕಾರ್ಖಾನೆ ರೈಲು ನಿಲ್ದಾಣಕ್ಕೆ ಹೆಸರಾದದ್ದು ಯಾರೋ ಕೊಟ್ಟ ಶೀಲ್ಡಿನಿಂದಲ್ಲ.

ಮೊದಲನೇ ಮಹಾಯುದ್ಧ 1914ರಲ್ಲಿ ಶುರುವಾದಾಗ ಮೈಸೂರು ಸಂಸ್ಥಾನದ ಗಂಧದ ಮರ ಯುರೋಪಿಗೆ ಹೋಗುವುದು ನಿಂತಿತು. ರಾಶಿ ಬಿದ್ದ ಮರಕ್ಕೆ ದಾರಿ ಬೇಕಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರು ಮಹಾರಾಜರು, ವಿಶ್ವೇಶ್ವರಯ್ಯನವರು ದಿವಾನರು. ಎಣ್ಣೆಯನ್ನು ಇಲ್ಲೇ ಬಟ್ಟಿ ಇಳಿಸೋಣ ಎಂದು 1916ರಲ್ಲಿ ಕೆಲಸ ಹಿಡಿದರು. ರಸಾಯನಶಾಸ್ತ್ರ ಓದಿದ ಎಸ್.ಜಿ. ಶಾಸ್ತ್ರಿಯವರನ್ನು ಸೋಪಿನ ವಿದ್ಯೆ ಕಲಿಯಲು ಇಂಗ್ಲೆಂಡಿಗೆ ಕಳಿಸಿದರು. ಆ ವಿದ್ಯೆಯ ಫಲವೇ ಮೈಸೂರು ಸ್ಯಾಂಡಲ್ ಸೋಪು. ಸಿಂಹದ ಮೈ, ಆನೆಯ ತಲೆಯ ಶರಭ ಅದರ ಗುರುತಾಯಿತು. 1980ರಲ್ಲಿ ಕಾರ್ಖಾನೆ ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್ ಎಂಬ ಸರ್ಕಾರಿ ಕಂಪನಿಯಾಯಿತು.

ಈ ಸೋಪಿಗೆ 2006ರಲ್ಲಿ ಭೌಗೋಳಿಕ ಗುರುತು, ಜನ ಹೇಳುವ ಹಾಗೆ ಜಿ.ಐ. ಟ್ಯಾಗು, ಸಿಕ್ಕಿತು. ಅದು ಸಿಗುವ ರೀತಿ ನೋಡಿ. ಅರ್ಜಿ ಹಾಕಬೇಕು, ಮಾಲಿನ ವಿಶೇಷ ಏನು ಅಂತ ದಾಖಲೆ ಕೊಡಬೇಕು. ಚೆನ್ನೈನಲ್ಲಿರುವ ಕಚೇರಿ ಅದನ್ನು ಪರಿಶೀಲಿಸಿ ತನ್ನ ಪತ್ರಿಕೆಯಲ್ಲಿ ಪ್ರಕಟಿಸುತ್ತದೆ. ತಕರಾರು ಇದ್ದವರು ಬನ್ನಿ ಅಂತ ತಿಂಗಳುಗಟ್ಟಲೆ ಕಾಯುತ್ತದೆ. ಆಮೇಲೆ ನೋಂದಣಿ. ಅದೂ ಹತ್ತು ವರ್ಷಕ್ಕೆ ಮಾತ್ರ, ಮತ್ತೆ ನವೀಕರಿಸಬೇಕು. ಇಲ್ಲೂ ಶುಲ್ಕ ಇದೆ. ಆದರೆ ಶುಲ್ಕ ಕಟ್ಟಿದವರಿಗೆಲ್ಲ ಟ್ಯಾಗು ಸಿಗುವುದಿಲ್ಲ. ವ್ಯತ್ಯಾಸ ಇರುವುದು ಅಲ್ಲೇ. ಗಂಧದೆಣ್ಣೆಗೂ ಅಷ್ಟೇ. ಅದರಲ್ಲಿ ಸ್ಯಾಂಟಲಾಲ್ ಎಷ್ಟಿರಬೇಕು ಎನ್ನುವುದಕ್ಕೆ ಅಂತರರಾಷ್ಟ್ರೀಯ ಮಾನದಂಡವೇ ಇದೆ. ಬರೀ ಮೂಗಿಗೆ ಬಿಟ್ಟ ಮಾತಲ್ಲ.

ಮಾನ್ಯತೆಗೆ ಬೆಲೆ ಇದೆ ಅನ್ನುವುದಕ್ಕೆ ಕಳ್ಳರೇ ಸಾಕ್ಷಿ! 2024ರ ಜನವರಿಯಲ್ಲಿ ಹೈದರಾಬಾದಿನಲ್ಲಿ ನಕಲಿ ಮೈಸೂರು ಸ್ಯಾಂಡಲ್ ಸೋಪು ಮಾಡುತ್ತಿದ್ದ ಜಾಲ ಸಿಕ್ಕಿಬಿತ್ತು. ಹೆಸರಿಲ್ಲದ ಸೋಪನ್ನು ಯಾರು ನಕಲು ಮಾಡುತ್ತಾರೆ?

ಎಲ್ಲರಿಗೂ ಪದಕ

ಪರದೇಶದ್ದೆಲ್ಲ ಅಪ್ಪಟ ಅಂತ ತಿಳಿಯುವುದೂ ಬೇಡ. ಬೆಲ್ಜಿಯಂನ ಬ್ರಸೆಲ್ಸ್ ಊರಿನಲ್ಲಿ ಮೊಂಡ್ ಸೆಲೆಕ್ಷನ್ ಎಂಬ ಸಂಸ್ಥೆ 1961ರಿಂದ ಇದೆ. ತಿಂಡಿ, ಪಾನೀಯ, ಸೌಂದರ್ಯ ಸಾಮಗ್ರಿ ಎಲ್ಲವನ್ನೂ ಶುಲ್ಕ ಪಡೆದು ಪರೀಕ್ಷೆ ಮಾಡಿ, ಅಂಕಕ್ಕೆ ತಕ್ಕ ಹಾಗೆ ಚಿನ್ನ, ಬೆಳ್ಳಿ, ಕಂಚಿನ ಪದಕ ಕೊಡುತ್ತದೆ. ಅದು ಓಟದ ಪಂದ್ಯವಲ್ಲ, ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹಾಗೆ. ಅಂಕ ಬಂದವರಿಗೆಲ್ಲ ಫಸ್ಟ್ ಕ್ಲಾಸು. ಅದರಲ್ಲಿ ಮೋಸವೇನೂ ಇಲ್ಲ. ಆದರೆ ಡಬ್ಬಿಯ ಮೇಲೆ ಚಿನ್ನದ ಪದಕ ಕಂಡವರು 'ಲೋಕಕ್ಕೇ ಮೊದಲು' ಅಂತ ತಿಳಿದರೆ ಅದು ತಪ್ಪು ಲೆಕ್ಕ. ಎಷ್ಟು ಜನ ಸ್ಪರ್ಧಿಸಿದರು, ಎಷ್ಟು ಜನಕ್ಕೆ ಕೊಟ್ಟರು ಎನ್ನುವುದು ಗೊತ್ತಾದ ಮೇಲೇ ಪದಕದ ತೂಕ ಗೊತ್ತಾಗುವುದು.

ಚರ್ಮದ ಆಚೆಗೂ ಪೆಟ್ಟು

ಇದೆಲ್ಲ ಬರೀ ಪ್ರತಿಷ್ಠೆಯ ಮಾತೇ? ಅಲ್ಲ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಮೂತ್ರಪಿಂಡದ ಕಾಯಿಲೆ ಹಿಡಿದ ಕೆಲವರನ್ನು ವೈದ್ಯರು ವಿಚಾರಿಸುತ್ತಾ ಹೋದರು. ಬೆಳ್ಳಗಾಗಲು ಹಚ್ಚಿಕೊಂಡ ಕ್ರೀಮಿನತ್ತ ಬೆರಳು ತೋರಿತು. ಅದರಲ್ಲಿದ್ದದ್ದು ಪಾದರಸ! ಮುಖಕ್ಕೆ ಹಚ್ಚಿದ್ದು ಮೂತ್ರಪಿಂಡಕ್ಕೆ ಇಳಿದಿತ್ತು. 'ಎಂಟು ದಿನದಲ್ಲಿ ಹೊಳಪು' ಎನ್ನುವ ಒಂದೇ ಗುಣಕ್ಕೆ ಬಹುಮಾನ ಕೊಡುವುದಾದರೆ ಇಂಥ ಕ್ರೀಮೇ ಮೊದಲು ಗೆದ್ದೀತು. ಆದ್ದರಿಂದಲೇ ತೀರ್ಪುಗಾರರ ಸಾಲಿನಲ್ಲಿ ಚರ್ಮದ ಡಾಕ್ಟರು, ರಸಾಯನ ಬಲ್ಲವರು ಇರಬೇಕು. ದಿನಾ ಬಳಸುವ ಪಾರ್ಲರಿನವರು, ಮನೆಯವರು ಕೂಡ ಇರಬೇಕು. ಸುರಕ್ಷತೆಯಲ್ಲಿ ಸೋತ ಮಾಲಿಗೆ ಪರಿಮಳದಲ್ಲಿ ನೂರಕ್ಕೆ ನೂರು ಬಂದರೂ ಬಾಗಿಲು ತೋರಿಸಬೇಕು.

ಅಂಗಡಿಯವರಿಗೂ ಒಂದು ಮಾತು. 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಡಬ್ಬಿಯ ಮೇಲೆ ತಯಾರಕರ ಹೆಸರು, ವಿಳಾಸ, ಬ್ಯಾಚ್ ನಂಬರು, ಎಂದಿನವರೆಗೆ ಬಳಸಬಹುದು ಎನ್ನುವುದೆಲ್ಲ ಇರಬೇಕು. ಇವು ಇಲ್ಲದೆ ಬರೀ ಪದಕದ ಚಿತ್ರ ಇರುವ ಮಾಲು ಕಮಿಷನ್ ಜಾಸ್ತಿ ಕೊಟ್ಟರೂ ಬೇಡ. ಸುಳ್ಳು ಜಾಹೀರಾತಿಗೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಹತ್ತು ಲಕ್ಷ ರೂಪಾಯಿವರೆಗೆ ದಂಡ ಉಂಟು. ತಪ್ಪು ಮರುಕಳಿಸಿದರೆ ಐವತ್ತು ಲಕ್ಷದವರೆಗೆ. ದೂರು ಹೇಳಲು 1915 ಎಂಬ ಸಹಾಯವಾಣಿ ಇದೆ.

ಕೈಕಸುಬಿನ ಮಾನ

ಹಾಗಾದರೆ ಪಾರ್ಲರಿನ ಅಕ್ಕನಂಥವರಿಗೆ ಮಾನ್ಯತೆ ಬೇಡವೇ? ಬೇಕು, ಖಂಡಿತ ಬೇಕು. ಬಿಸಿ ಮೇಣ ಎಷ್ಟು ಆರಬೇಕು, ಯಾವ ಚರ್ಮಕ್ಕೆ ಯಾವ ಬ್ಲೀಚು ಆಗದು, ಒಬ್ಬರ ಟವೆಲು ಇನ್ನೊಬ್ಬರಿಗೆ ಯಾಕೆ ಕೂಡದು ಎನ್ನುವುದೆಲ್ಲ ವಿದ್ಯೆಯೇ. 'ಹುಬ್ಬು ಕೀಳೋ ಕೆಲಸ' ಅಂತ ಮೂಗು ಮುರಿಯುವವರ ಎದುರು ಆ ವಿದ್ಯೆಗೆ ಒಂದು ಕಾಗದ ಬೇಕು. ಬ್ಯಾಂಕಿನಲ್ಲಿ ಸಾಲ ಕೇಳುವಾಗ, ಹೊಸ ಕೆಲಸಕ್ಕೆ ಸೇರುವಾಗ ಆ ಕಾಗದ ಮಾತಾಡುತ್ತದೆ.

ಅದಕ್ಕೆ ದಾರಿಯೂ ಇದೆ. ಐ.ಟಿ.ಐ.ಗಳಲ್ಲಿ ಕಾಸ್ಮೆಟಾಲಜಿ ಎಂಬ ವೃತ್ತಿ ತರಬೇತಿ ಇದೆ. ಶಾಲೆಗೆ ಹೋಗದೆ ಕೆಲಸದಲ್ಲೇ ಪಳಗಿದವರ ವಿದ್ಯೆಯನ್ನು ಗುರುತಿಸಲು 2015ರಲ್ಲಿ ಬಂದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಡಿ ಆರ್.ಪಿ.ಎಲ್. ಎಂಬ ವ್ಯವಸ್ಥೆ ಆಯಿತು. ಕಲಿಸಿದವರೇ ಅಂಕ ಹಾಕುವುದಲ್ಲ, ಪರೀಕ್ಷೆಗೆ ಬೇರೆಯವರು ಬರಬೇಕು ಎನ್ನುವುದು ಅದರ ಕ್ರಮ. ಅಲ್ಲಿ ಸಿನಿಮಾದವರು ಬರುವುದಿಲ್ಲ. ಆದರೆ ನಪಾಸಾಗುವ ಭಯ ಇರುತ್ತದೆ. ನಪಾಸು ಮಾಡಲಾಗದ ಪರೀಕ್ಷೆ ಪಾಸು ಮಾಡಿದರೂ ಏನು ಬಂತು?

ನಾಲ್ಕು ಪ್ರಶ್ನೆ

ಬಹುಮಾನದ ಡಬ್ಬಿ ಕೈಗೆ ಬಂದರೂ, ಬಹುಮಾನದ ಫೋನು ಕಿವಿಗೆ ಬಂದರೂ ಕೇಳಬೇಕಾದ್ದು ನಾಲ್ಕೇ. ಕೊಟ್ಟವರು ಯಾರು, ಯಾವ ವರ್ಷ? ನೋಡಿದವರು ಯಾರು, ಏನು ನೋಡಿದರು? ದುಡ್ಡು ಯಾರು ಕೊಟ್ಟರು? ಸೋತವರು ಯಾರಾದರೂ ಇದ್ದಾರೆಯೇ? ಕೊನೆಯ ಪ್ರಶ್ನೆಗೆ ಉತ್ತರ ಬಾರದಿದ್ದರೆ ಫೋನಿಡಬಹುದು.

ಲಿಂಗರಾಜಪುರದ ಪಾರ್ಲರಿಗೆ ಮೂರನೇ ದಿನ ಮತ್ತೆ ಫೋನು ಬಂತು.

"ಮೇಡಂ, ಇವತ್ತೇ ಲಾಸ್ಟ್ ಡೇಟು. ಹತ್ತು ಸಾವಿರಕ್ಕೆ ಮಾಡ್ಕೊಡ್ತೀವಿ."

"ಸಾರ್, ನಮ್ಮ ಏರಿಯಾದಲ್ಲಿ ಸೋತವರು ಯಾರು ಅಂತ ಹೇಳ್ತೀರಾ?"

ಆ ಕಡೆ ಸದ್ದಿಲ್ಲ. ಅಕ್ಕ ಫೋನಿಟ್ಟು, ಸಹಾಯಕ್ಕಿರುವ ಹುಡುಗಿಯನ್ನು ಕರೆದರು. ಆ ಹದಿನೈದು ಸಾವಿರದಲ್ಲಿ ಒಂದಿಷ್ಟು ಹುಡುಗಿಯ ತರಬೇತಿಗೆ, ಒಂದಿಷ್ಟು ಹೊಸ ಸ್ಟೆರಿಲೈಜರಿಗೆ ಎಂದು ಲೆಕ್ಕ ಹಾಕಿಯಾಯಿತು. ಗೋಡೆ ಈಗಲೂ ಖಾಲಿ. ಎದುರು ಸಾಲಿನ ಅಣ್ಣನವರು ಮಾತ್ರ ಮಗಳ ಮದುವೆಯ ಅಲಂಕಾರಕ್ಕೆ ಮೂಲೆಯ ಮೂರು ಶೀಲ್ಡಿನ ಪಾರ್ಲರು ಬಿಟ್ಟು ಇಲ್ಲಿಗೇ ಮುಂಗಡ ಕೊಟ್ಟು ಹೋಗಿದ್ದಾರೆ.