ಹತ್ತಿ ಗೋದಾಮಿನ ಲೆಕ್ಕವೂ ಗಣಕಯಂತ್ರವೂ

ಆದೋನಿಯ ಹತ್ತಿ ವ್ಯಾಪಾರವನ್ನು ಅರಿಯದವರು ನಮ್ಮ ಸೀಮೆಯಲ್ಲಿ ವಿರಳ. ನಮ್ಮ ಶಾಲೆಯಲ್ಲಿ ಮಗ್ಗಿ ಕಲಿತ ಅನೇಕರು ಅಲ್ಲಿಯ ಜಿನ್ನಿಂಗ್ ಗಿರಣಿಗಳಲ್ಲಿ ಗುಮಾಸ್ತರಾದರು. ಅಂತಹ ಹಳೆಯ ವಿದ್ಯಾರ್ಥಿಯೊಬ್ಬನು ಒಂದು ಸಂಜೆ ಕಣ್ಣು ತುಂಬಿಕೊಂಡು ನನ್ನ ಬಳಿ ಬಂದನು. ಪುಸ್ತಕದ ಲೆಕ್ಕಕ್ಕಿಂತ ಗೋದಾಮಿನಲ್ಲಿ 12 ಬೇಲು ಅರಳೆ ಕಡಿಮೆ. ಬೇಲಿಗೆ 170 ಕಿಲೋ. ಕಳವಿನ ಅಪವಾದ ಅವನ ತಲೆಯ ಮೇಲೆ. ಎರಡು ದಿನ ಇಬ್ಬರೂ ಪುಟ ತಿರುವಿದೆವು. ಲಾರಿಗೆ ಹೇರಿದ ಸರಕು ಮಾರಾಟದ ಕಿರ್ದಿಯಲ್ಲಿತ್ತು, ಗೋದಾಮಿನ ಪುಸ್ತಕಕ್ಕೆ ಮಾತ್ರ ಏರಿರಲಿಲ್ಲ!

ಒಂದೇ ವ್ಯವಹಾರವನ್ನು ಹಲವು ಪುಸ್ತಕಗಳಲ್ಲಿ ಹಲವು ಕೈಗಳು ಬರೆಯುವುದೇ ಈ ತೊಡಕಿನ ಮೂಲ. ಇದನ್ನು ನಿವಾರಿಸುವ ತಂತ್ರಾಂಶಕ್ಕೆ ಇ.ಆರ್.ಪಿ. ಎನ್ನುತ್ತಾರೆ. ಖರೀದಿ, ದಾಸ್ತಾನು, ಮಾರಾಟ, ಸಂಬಳ ಎಲ್ಲಕ್ಕೂ ಮಾಹಿತಿಯ ಭಂಡಾರ ಒಂದೇ. ಒಮ್ಮೆ ಬಿಲ್ಲು ಬರೆದರೆ ದಾಸ್ತಾನು ತಾನೇ ಇಳಿಯುತ್ತದೆ, ಗಿರಾಕಿಯ ಬಾಕಿ ತಾನೇ ಏರುತ್ತದೆ. 1972ರಲ್ಲಿ ಜರ್ಮನಿಯಲ್ಲಿ ಐವರು ತಂತ್ರಜ್ಞರು ಆರಂಭಿಸಿದ ಸ್ಯಾಪ್ ಈ ಕ್ಷೇತ್ರದಲ್ಲಿ ಹೆಸರಾಯಿತು.

ನಮ್ಮ ಪೇಟೆಗಳಿಗೆ ಹತ್ತಿರವಾದದ್ದು ಬೆಂಗಳೂರಿನ ಟ್ಯಾಲಿ. ಗಿರಣಿಗಳಿಗೆ ಕಚ್ಚಾವಸ್ತು, ಬಿಡಿಭಾಗ ಪೂರೈಸುತ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ ಅವರು ತಮಗೊಪ್ಪುವ ಲೆಕ್ಕದ ತಂತ್ರಾಂಶ ಸಿಗದೆ, ಗಣಿತ ಪದವೀಧರನಾದ ಮಗ ಭರತನಿಂದಲೇ ಅದನ್ನು ಬರೆಸಿದರು. ಸಂಸ್ಥೆ ಹುಟ್ಟಿದ್ದು 1986ರಲ್ಲಿ. ಗಣಿತ ಬೋಧಿಸಿದ ನನಗೆ ಈ ಸಂಗತಿ ಹಿಗ್ಗನ್ನು ತರುತ್ತದೆ. ಭರತ್ ಅವರಿಗೆ 2020ರಲ್ಲಿ ಪದ್ಮಶ್ರೀ ಸಂದಿತು.

ಆದರೆ ಹತ್ತಿಯ ದಾಸ್ತಾನು ಸಕ್ಕರೆ ಮೂಟೆಯ ದಾಸ್ತಾನಿನಷ್ಟು ಸುಲಭವಲ್ಲ. ನೂರು ಕಿಲೋ ಬೀಜಸಹಿತ ಹತ್ತಿಯನ್ನು ಗಿರಣಿಗೆ ಹಾಕಿದರೆ ಸುಮಾರು 33ರಿಂದ 35 ಕಿಲೋ ಅರಳೆ ಬರುತ್ತದೆ. ಉಳಿದುದರಲ್ಲಿ ಬಹುಪಾಲು ಬೀಜ, ಅಲ್ಪಸ್ವಲ್ಪ ಕಸ. ತೇವ ಆರಿದಂತೆ ತೂಕವೂ ಕುಗ್ಗುತ್ತದೆ. ಆದ್ದರಿಂದ ಒಂದು ಸರಕನ್ನು ಖರ್ಚು ಹಾಕಿ, ಅರಳೆ ಮತ್ತು ಬೀಜವನ್ನು ಜಮಾ ಮಾಡಿ, ನಷ್ಟವನ್ನು ಬೇರೆಯಾಗಿ ತೋರಿಸಬೇಕು. ತಕ್ಕಡಿಯ ಬಳಿ ತೂಕ ತಪ್ಪಾಗಿ ನಮೂದಾದರೆ, ಯಂತ್ರವು ಆ ತಪ್ಪನ್ನು ಎಲ್ಲ ಖಾತೆಗಳಿಗೂ ನಿಷ್ಠೆಯಿಂದ ಹಂಚುತ್ತದೆ! ನಾಗಲದಿನ್ನೆಯವರಾದ ನಾವು ಇನ್ನೊಂದನ್ನೂ ನೆನೆಯಬೇಕು. 2009ರ ಅಕ್ಟೋಬರಿನ ತುಂಗಭದ್ರೆಯ ಪ್ರವಾಹವನ್ನು ಕಂಡವರಿಗೆ, ಲೆಕ್ಕದ ನಕಲನ್ನು ಬೇರೊಂದು ಊರಿನಲ್ಲಿಯೂ ಇರಿಸಬೇಕೆಂದು ಬಿಡಿಸಿ ಹೇಳಬೇಕಾಗಿಲ್ಲ.

ಆ ಶಿಷ್ಯನು ನಲವತ್ತು ದಾಟಿದ ಮೇಲೆ ಟ್ಯಾಲಿ ಕಲಿತನು. ಈಗ ಬಿಲ್ಲು ಮುದ್ರಣವಾಗುವವರೆಗೆ ಲಾರಿಯನ್ನು ಗೇಟು ದಾಟಗೊಡುವುದಿಲ್ಲ. ಬೇಲುಗಳ ಸಂಖ್ಯೆಯನ್ನು ಮಾತ್ರ ಇಂದಿಗೂ ಜೇಬಿನ ಪುಸ್ತಕದಲ್ಲಿ ಕನ್ನಡದ ಅಂಕಿಗಳಲ್ಲಿಯೇ ಬರೆದುಕೊಳ್ಳುತ್ತಾನೆ. ಏಕೆಂದು ಕೇಳಿದೆ. "ವಿದ್ಯುತ್ತು ಹೋದರೆ ಏನು ಮಾಡಲಿ, ಮೇಷ್ಟ್ರೇ?" ಎಂದನು.