ಕೆಲಸ ಹೋದಾಗ ಮನೆ ಬಾಡಿಗೆಗೆ ಏನು ಮಾಡೋಣ?



ಗಾರ್ಮೆಂಟ್ಸ್‌ಗೆ, ಮನೆಗೆಲಸಕ್ಕೆ, ಕಟ್ಟಡದ ಕೆಲಸಕ್ಕೆ ಹೋಗುವ ನಮ್ಮಲ್ಲಿ ಅನೇಕರು ಬಾಡಿಗೆ ಮನೆಯಲ್ಲಿದ್ದೇವೆ. ಕೆಲಸ ನಿಂತರೆ ಸಂಬಳ ನಿಲ್ಲುತ್ತದೆ, ಬಾಡಿಗೆ ನಿಲ್ಲುವುದಿಲ್ಲ. ಬೇರೆ ಕೆಲಸ ಬೇಗ ಸಿಕ್ಕರೂ ಮೊದಲ ಸಂಬಳ ಕೈಗೆ ಬರಲು ತಿಂಗಳು ಕಾಯಬೇಕು. ಈ ಮಧ್ಯೆ ಗಾಬರಿಯಲ್ಲಿ ಮೀಟರ್ ಬಡ್ಡಿಗೆ ಸಾಲ ಮಾಡಿಬಿಡ್ತೀವಿ. ಸಾಲಕ್ಕೆ ಮೊದಲು ಯೋಚಿಸಬೇಕಾದ ಕೆಲವು ವಿಷಯಗಳು ಇಲ್ಲಿವೆ.

ಅಡ್ವಾನ್ಸ್ ನಮ್ಮದೇ ಹಣ

ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ ಕೇಳುವ ರೂಢಿ ಹಳೆಯದು. ಬಾಡಿಗೆ 3,000 ರೂ. ಆದರೆ ಅಡ್ವಾನ್ಸ್ 30,000 ರೂ. ಎರಡು ತಿಂಗಳ ಬಾಡಿಗೆಯನ್ನು ಇದರಲ್ಲೇ ಮುರಿದುಕೊಂಡರೆ 24,000 ರೂ. ಉಳಿಯುತ್ತದೆ. ಇದಕ್ಕೆ ಮಾಲೀಕರ ಒಪ್ಪಿಗೆ ಬೇಕು. ಆದ್ದರಿಂದ ಬಾಡಿಗೆ ದಿನ ಬರುವ ಮೊದಲೇ ಹೋಗಿ ಮಾತಾಡಿ. ಒಪ್ಪಿದರೆ ಚೀಟಿ ಬರೆದು ಇಬ್ಬರೂ ಸಹಿ ಮಾಡಿ. ಆದರೆ ಒಂದು ನೆನಪಿರಲಿ: ಮುಂದೆ ಮನೆ ಬದಲಿಸುವಾಗ ಅಷ್ಟು ಹಣ ಕಡಿಮೆ ಬರುತ್ತದೆ.

ಬರಬೇಕಾದ ಸಂಬಳ ಕೇಳಿ ಪಡೆಯಿರಿ

2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆಯ ಪ್ರಕಾರ, ಕೆಲಸದಿಂದ ತೆಗೆದರೂ ನಾವೇ ಬಿಟ್ಟರೂ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಐದು ವರ್ಷ ದುಡಿದಿದ್ದರೆ ಗ್ರಾಚ್ಯುಟಿಯನ್ನೂ ಕೇಳಿ.

ಮನೆ ಖಾಲಿ ಮಾಡಿ ಅಂದರೆ?

2020ರ ಮಾರ್ಚ್ 29ರಂದು, ಲಾಕ್‌ಡೌನ್ ವೇಳೆ, ಕಾರ್ಮಿಕರಿಂದ ಒಂದು ತಿಂಗಳು ಬಾಡಿಗೆ ಕೇಳಬಾರದೆಂದು ಕೇಂದ್ರ ಗೃಹ ಸಚಿವಾಲಯ ಆದೇಶಿಸಿತ್ತು. ಅದು ಆ ಸಮಯಕ್ಕೆ ಮಾತ್ರ. ಈಗ ಕೆಲಸ ಹೋದರೂ ಬಾಡಿಗೆ ಬಾಕಿ ನಮ್ಮ ಮೇಲೇ ಇರುತ್ತದೆ. ಆದರೂ ಬಾಕಿಯಿದೆ ಎಂದು ಸಾಮಾನು ಹೊರಗೆ ಹಾಕುವಂತಿಲ್ಲ. ಕರ್ನಾಟಕ ಬಾಡಿಗೆ ಕಾಯ್ದೆ, 1999ರೊಳಗೆ ಬರುವ ಮನೆಯಾದರೆ, ನೋಟಿಸ್ ತಲುಪಿದ ಮೇಲೆ ಬಾಕಿ ಕಟ್ಟಲು ಎರಡು ತಿಂಗಳು ಸಮಯವಿದೆ. ಬೆಂಗಳೂರಿನಲ್ಲಿ ಬಾಡಿಗೆ 3,500 ರೂ. ಮೀರಿದ ಮನೆಗಳು ಈ ಕಾಯ್ದೆಗೆ ಬರುವುದಿಲ್ಲ. ಅಲ್ಲಿ ಕರಾರು ಪತ್ರ ಮುಖ್ಯ. ಅದಕ್ಕೇ ಪ್ರತಿ ತಿಂಗಳು ರಸೀದಿ ಪಡೆಯಿರಿ.

ನೋಟಿಸ್ ಬಂದರೆ ಹೆದರಿ ಮೂಲೆಗಿಡಬೇಡಿ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ತೆಗೆದುಕೊಂಡು ಹೋಗಿ. ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಅಲ್ಲಿ ವಕೀಲರ ನೆರವು ಉಚಿತ. ದೂರವಾಣಿ 15100.

ಸಂಘ ಏನು ಮಾಡಬಹುದು?

ಮದುವೆಗೆ, ಆಸ್ಪತ್ರೆಗೆ ಸಾಲ ಕೊಡುವ ನಾವು ಬಾಡಿಗೆಗೂ ಒಂದೆರಡು ತಿಂಗಳ ಸಣ್ಣ ಸಾಲ ಕೊಡಬಹುದು. ಕೆಲಸ ಕಳೆದುಕೊಂಡವಳು ನಾಚಿಕೆಯಿಂದ ಸಭೆಗೇ ಬರುವುದಿಲ್ಲ, ಉಳಿತಾಯವನ್ನೂ ನಿಲ್ಲಿಸುತ್ತಾಳೆ. ಅವಳ ಮನೆಗೆ ನಾವೇ ಹೋಗೋಣ. ಮಾಲೀಕರ ಹತ್ತಿರ ಮಾತಾಡಲು ಇಬ್ಬರು ಸದಸ್ಯೆಯರು ಜೊತೆಗಿದ್ದರೆ ಅವಳಿಗೆ ಧೈರ್ಯ.

ಮುಂದಿನ ಸಭೆಯಲ್ಲಿ ಚರ್ಚಿಸಿ:

1. ನಮ್ಮಲ್ಲಿ ಎಷ್ಟು ಜನರ ಹತ್ತಿರ ಕರಾರು ಪತ್ರ, ಅಡ್ವಾನ್ಸ್ ರಸೀದಿ ಇದೆ?
2. ಬಾಡಿಗೆ ಸಾಲಕ್ಕೆ ಸಂಘದಲ್ಲಿ ಎಷ್ಟು ಹಣ ತೆಗೆದಿಡಬಹುದು?